ಮುಖದ ಹಿಂದಿನ ಬೀದಿ

ಜೋಯಿಡಾ ತಾಲೂಕಿನ ರಾಮನಗರದಲ್ಲಿ ಒಂದು ಮನೆಯ ಗೋಡೆಯ ಮೇಲೆ, ಅಂಡಾಕಾರದ ಚೌಕಟ್ಟಿನೊಳಗೆ, ಒಬ್ಬ ಹಿರಿಯರ ಭಾವಚಿತ್ರವಿದೆ. ಅದಕ್ಕೊಂದು ಗಂಧದ ಚಕ್ಕೆಯ ಹಾರ, ಕೆಳಗೊಂದು ಪುಟ್ಟ ವಿದ್ಯುದ್ದೀಪ. ಹಿರಿಯರ ಮುಖ ಸ್ಪಷ್ಟವಾಗಿದೆ. ಆದರೆ ಆ ಮುಖದ ಹಿಂದೆ ತಿಳಿನೀಲಿ ಬಣ್ಣದ ಬಯಲಷ್ಟೇ ಇದೆ. ಅಲ್ಲಿ ಗೋಡೆಯಿಲ್ಲ, ಮರವಿಲ್ಲ, ಆಕಾಶವೆಂದು ಹೇಳಬಹುದಾದ ಗುರುತೂ ಇಲ್ಲ. ಮನೆಯ ಯಜಮಾನಿ ಹೇಳಿದ ಪ್ರಕಾರ ಆ ಮುಖವನ್ನು ಬಿಡಿಸಿಕೊಂಡದ್ದು ಒಂದು ಮದುವೆಯ ಗುಂಪು ಚಿತ್ರದಿಂದ. ಹಳೆಯ ಸೂಪಾ ಪೇಟೆಯಲ್ಲಿ, ಅವರ ಮನೆಯ ಎದುರಿನ ಬೀದಿಯಲ್ಲಿ, ಇಪ್ಪತ್ತೈದು ಮೂವತ್ತು ಜನ ಸಾಲಾಗಿ ನಿಂತು ಕುಳಿತು ತೆಗೆಸಿಕೊಂಡ ಚಿತ್ರವದು. ಹಿರಿಯರು ತೀರಿಕೊಂಡಾಗ ಮನೆಯವರು ಅದನ್ನು ಸ್ಟುಡಿಯೋಕ್ಕೆ ಕೊಟ್ಟರು. ಅಲ್ಲಿಯವರು ಒಂದು ಮುಖವನ್ನು ದೊಡ್ಡದು ಮಾಡಿ, ಉಳಿದುದನ್ನೆಲ್ಲ ಅಳಿಸಿ, ನೀಲಿ ತುಂಬಿ ಕೊಟ್ಟರು. ಮೂಲಚಿತ್ರ ಮರಳಿ ಬಂದಿತೋ ಇಲ್ಲವೋ ಯಾರಿಗೂ ನೆನಪಿಲ್ಲ.

ಇದರಲ್ಲಿ ತಪ್ಪಿತಸ್ಥರನ್ನು ಹುಡುಕುವುದು ಸರಿಯಲ್ಲ. ಸಾವಿನ ಮನೆಗೆ ಬೇಕಾದದ್ದು ಮುಖ. ಸ್ಟುಡಿಯೋದವರು ಅದನ್ನು ಕೊಟ್ಟರು. ನಮ್ಮ ಹಳ್ಳಿ ಪಟ್ಟಣಗಳ ಸಾವಿರಾರು ಮನೆಗಳಲ್ಲಿ ಹೀಗೆಯೇ ನಡೆದಿದೆ. ಆದರೆ ಈ ಮನೆಯ ಮಟ್ಟಿಗೆ ಒಂದು ವ್ಯತ್ಯಾಸವಿತ್ತು. ಬೇರೆ ಊರಿನವರು ಹಿರಿಯರ ಹಿಂದಿದ್ದ ಬೀದಿಯನ್ನು ಕಳೆದುಕೊಂಡರೆ ಎದ್ದು ಹೋಗಿ ನೋಡಿ ಬರಬಹುದು. ಸೂಪಾದವರು ಹಾಗೆ ಹೋಗಿ ನೋಡುವಂತಿಲ್ಲ.

ಸೂಪಾ ಎಂದರೆ ಇಂದಿನ ತಲೆಮಾರಿಗೆ ಒಂದು ಅಣೆಕಟ್ಟಿನ ಹೆಸರು. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯೂ ಅದರ ಉಪನದಿಯಾದ ಪಾಂಡ್ರಿಯೂ ಕೂಡುವ ಎಡೆಯಲ್ಲಿದ್ದ ಈ ಪೇಟೆ ಒಂದು ಕಾಲಕ್ಕೆ ಇಡೀ ತಾಲೂಕಿಗೆ ತನ್ನ ಹೆಸರನ್ನು ಕೊಟ್ಟಿತ್ತು. 1970ರ ದಶಕದಲ್ಲಿ ಕಾಳಿ ಜಲವಿದ್ಯುತ್ ಯೋಜನೆಯ ಕೆಲಸ ಆರಂಭವಾಯಿತು. 101 ಮೀಟರ್ ಎತ್ತರದ, 332 ಮೀಟರ್ ಉದ್ದದ ಕಾಂಕ್ರೀಟ್ ಕಟ್ಟೆ 1987ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರದಿಂದ 564 ಮೀಟರ್. ಆ ರೇಖೆಯ ಕೆಳಗಿದ್ದುದೆಲ್ಲ, ಅಂದರೆ ಪೇಟೆ, ಗದ್ದೆ, ಗುಡಿ, ಅಂಗಡಿ, ದಾರಿ ಎಲ್ಲವೂ, ನೀರಿನ ಪಾಲಾಯಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಸ್ಥಳಾಂತರಗೊಂಡವು. ತಾಲೂಕಿನ ಹೆಸರೂ ಜೋಯಿಡಾ ಆಯಿತು. ಮುಳುಗಡೆಯಾದ ಅನೇಕ ಕುಟುಂಬಗಳು ರಾಮನಗರದ ಪುನರ್ವಸತಿ ಕಾಲೋನಿಗೆ ಬಂದವು. ಮಳೆ ಕಡಿಮೆಯಾದ ವರ್ಷಗಳಲ್ಲಿ, ಬೇಸಿಗೆಯ ಕೊನೆಗೆ ನೀರು ತೀರ ಇಳಿದಾಗ, ಹಳೆಯ ಊರಿನ ಅಡಿಪಾಯಗಳೂ ದಾರಿಯ ಗುರುತುಗಳೂ ಕೆಸರಿನಿಂದ ಮೇಲೇಳುತ್ತವೆ. ಆಗ ಮುದುಕರು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಇಲ್ಲಿ ನಮ್ಮ ಮನೆ, ಇಲ್ಲಿ ಸಂತೆ ಎಂದು ಬೆರಳು ಮಾಡಿ ತೋರಿಸುತ್ತಾರೆ. ಮೊಮ್ಮಕ್ಕಳಿಗೆ ಕಾಣುವುದು ಬಿರುಕು ಬಿಟ್ಟ ಮಣ್ಣು.

ಹಾಗಾದರೆ ಸೂಪಾದ ಬೀದಿಯನ್ನು ಎಲ್ಲಿ ನೋಡಬೇಕು? ಸೂಪಾದ್ದಷ್ಟೇ ಅಲ್ಲ, ಹಳಿಯಾಳದ ಕೋಟೆಯ ಸುತ್ತಲಿನ ಪೇಟೆ, ಕಾರ್ಖಾನೆಗಳಿಗೆ ಮುಂಚಿನ ದಾಂಡೇಲಿ, ಮುಂಡಗೋಡದ ಹಳೆಯ ಸಾಲುಮನೆಗಳು, ಇವನ್ನು ಕಣ್ಣಾರೆ ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಪತ್ರಾಗಾರಗಳಲ್ಲಿ ಹುಡುಕೋಣವೆಂದರೆ ಅಲ್ಲಿ ಎದುರಾಗುವ ಮೊದಲ ತೊಡಕು ಆಡಳಿತದ ಇತಿಹಾಸವೇ.

1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮರುವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಹಳಿಯಾಳ ಮುಖ್ಯ ನೆಲೆಯಾಗಿತ್ತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾದ ಡ್ಯೂಕ್ ಆಫ್ ವೆಲಿಂಗ್ಟನ್ ಈತನೇ. ಅವನ ಅಚ್ಚಾದ ಪತ್ರಸಂಪುಟಗಳಲ್ಲಿ ‘ಹುಲ್ಲಿಹಾಲ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಅವನಿಗೆ ಬೇಕಿದ್ದುದು ದವಸ, ಎತ್ತು, ಮದ್ದುಗುಂಡು. ಊರಿನ ರೂಪವನ್ನು ಬಣ್ಣಿಸಲು ಅವನಿಗೆ ಪುರಸೊತ್ತಿರಲಿಲ್ಲ. ಛಾಯಾಚಿತ್ರ ಕಲೆ ಲೋಕಕ್ಕೆ ತಿಳಿಯಲು ಇನ್ನೂ ನಾಲ್ಕು ದಶಕ ಬಾಕಿಯಿತ್ತು.

1862ರವರೆಗೆ ಈ ಭಾಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ವರ್ಷ ಉತ್ತರ ಕನ್ನಡವು ಮುಂಬಯಿಗೆ ವರ್ಗವಾಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಹಳಿಯಾಳದ ಒಬ್ಬ ರೈತನ ಮುತ್ತಜ್ಜನ ಕಾಲದ ಕಾಗದ ಹುಡುಕುವವನು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿ ನೆಲೆಗೊಂಡ ಪತ್ರಾಗಾರ, ಬೆಂಗಳೂರು, ಲಂಡನ್ನಿನ ಬ್ರಿಟಿಷ್ ಗ್ರಂಥಾಲಯ, ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಧರ್ಮಸಭೆಯ ದಾಖಲೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾದದ್ದು 1953ರಲ್ಲಿ. ಅದರಿಂದ ಕಾರವಾರ ಧರ್ಮಪ್ರಾಂತ್ಯ ಬೇರೆಯಾದದ್ದು 1976ರಲ್ಲಿ. ಗಡಿ ಬದಲಾದಾಗಲೆಲ್ಲ ಕಾಗದಗಳು ಪಯಣಿಸುತ್ತವೆ; ಕೆಲವು ದಾರಿಯಲ್ಲೇ ಉಳಿದುಬಿಡುತ್ತವೆ.

ಛಾಯಾಚಿತ್ರಗಳ ವಿಷಯಕ್ಕೆ ಬರೋಣ. 1855ರಲ್ಲಿ ಮುಂಬಯಿ ಸರಕಾರ ಪ್ರಾಚೀನ ಸ್ಮಾರಕಗಳ ಚಿತ್ರ ತೆಗೆಯಲು ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ನೇಮಿಸಿತು. ಅವನ ನಂತರ ಆ ಕೆಲಸ ವೈದ್ಯ ವಿಲಿಯಂ ಹೆನ್ರಿ ಪಿಗೋ ಎಂಬವನ ಪಾಲಿಗೆ ಬಂತು. ಇವರ ಹಾಗೂ ಎ.ಸಿ.ಬಿ. ನೀಲ್ ಎಂಬವನ ಚಿತ್ರಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬೃಹತ್ ಸಂಪುಟವೊಂದು ಪ್ರಕಟವಾಯಿತು. ಮೆಡೋಸ್ ಟೇಲರ್ ಅದಕ್ಕೆ ಇತಿಹಾಸದ ಟಿಪ್ಪಣಿ ಬರೆದರೆ ಜೇಮ್ಸ್ ಫರ್ಗುಸನ್ ವಾಸ್ತುವಿನ ಬಗ್ಗೆ ಬರೆದ. ಗದಗ, ಲಕ್ಕುಂಡಿ, ಹಂಪೆ, ಹಳೇಬೀಡುಗಳ ದೇವಾಲಯಗಳು ಅದರಲ್ಲಿ ಮೈದಳೆದಿವೆ. ಆ ಭಾರವಾದ ಪೆಟ್ಟಿಗೆ, ರಾಸಾಯನಿಕ, ಡೇರೆಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಧಾರವಾಡ ಸೀಮೆಯಲ್ಲೆಲ್ಲ ತಿರುಗಿದವರಿಗೆ ಪಶ್ಚಿಮದ ಕಾಡಂಚಿನ ಪೇಟೆಗಳಿಂದ ಏನಾಗಬೇಕಿತ್ತು? ಅವರು ಹುಡುಕುತ್ತಿದ್ದುದು ಶಿಲ್ಪ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಮರದ ಕಂಬದ ಜಗುಲಿ ಅವರ ಲೆಕ್ಕದಲ್ಲಿ ಸ್ಮಾರಕಗಳಲ್ಲ. ಕಲ್ಲಿಗೆ ದಕ್ಕಿದ ಗೌರವ ಮಣ್ಣಿಗೆ ದಕ್ಕಲಿಲ್ಲ.

ಬಾಸೆಲ್ ಮಿಷನ್ನಿನವರ ಕಥೆ ಬೇರೆ. ಮಂಗಳೂರಿನಲ್ಲಿ 1834ರಲ್ಲಿ, ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ನೆಲೆಯೂರಿದ ಆ ಪ್ರೊಟೆಸ್ಟಂಟ್ ಮಿಷನರಿಗಳು ಮುಂದೆ ಯೂರೋಪಿನ ತಮ್ಮ ಪೋಷಕರಿಗೆ ತೋರಿಸಲೆಂದು ಸಾಮಾನ್ಯ ಜನರ, ಮನೆಗಳ, ಶಾಲೆಗಳ, ನೇಕಾರರ ಚಿತ್ರಗಳನ್ನೂ ತೆಗೆದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಅವರ ಸಂಗ್ರಹದ ಸಾವಿರಾರು ಹಳೆಯ ಚಿತ್ರಗಳನ್ನು ಇಂದು ಅಂತರ್ಜಾಲದಲ್ಲಿಯೇ ನೋಡಬಹುದು. ಕನ್ನಡ ನಾಡಿನ ಬೀದಿಗಳ ಬಗ್ಗೆ ಕುತೂಹಲವುಳ್ಳವರಿಗೆ ಅದು ದೊಡ್ಡ ಭಂಡಾರ. ಆದರೆ ಅವರ ಕಾರ್ಯಕ್ಷೇತ್ರದ ಮುಖ್ಯ ನೆಲೆಗಳು ಕರಾವಳಿಯಲ್ಲೂ ಬಯಲುಸೀಮೆಯಲ್ಲೂ ಇದ್ದವು. ನಡುವಿನ ಈ ಕಾಡಿನ ಪಟ್ಟಿಗೆ ಕ್ರೈಸ್ತರು ಹೆಚ್ಚಾಗಿ ಬಂದದ್ದು ಗೋವೆ ಮತ್ತು ಕರಾವಳಿಯ ಕಡೆಯಿಂದ, ಕೊಂಕಣಿ ಮಾತನ್ನೂ ಕಥೋಲಿಕ ಸಂಪ್ರದಾಯವನ್ನೂ ಹೊತ್ತುಕೊಂಡು. ಅವರ ಬಳಿ ಕ್ಯಾಮೆರಾ ಇರಲಿಲ್ಲ.

ಸರಕಾರದ ಕ್ಯಾಮೆರಾ ಈ ಕಡೆ ಮುಖ ಮಾಡಿದ್ದು ರೈಲು ಮತ್ತು ಮರದ ದೆಸೆಯಿಂದ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ನಿಲ್ದಾಣದ ಮೂಲಕ ಗೋವೆಯ ಮುರ್ಮಗೋವಾ ಬಂದರಿಗೆ ಮೀಟರ್ ಗೇಜ್ ಹಳಿ 1880ರ ದಶಕದ ಕೊನೆಯಲ್ಲಿ ಕೂಡಿಕೊಂಡಿತು. 1961ರ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರುವವರೆಗೆ ಅದು ಎರಡು ಆಡಳಿತಗಳ ನಡುವಿನ ಗಡಿನಿಲ್ದಾಣ. ಒಂದು ಕಡೆ ಬ್ರಿಟಿಷರ ಸುಂಕದವರು, ಇನ್ನೊಂದು ಕಡೆ ಪೋರ್ಚುಗೀಸರ ಸುಂಕದವರು. ಘಟ್ಟದ ಸುರಂಗಗಳು, ದೂಧಸಾಗರ ಜಲಪಾತದ ಮುಂದಿನ ಸೇತುವೆ, ಉಗಿಬಂಡಿ, ಇವುಗಳ ಚಿತ್ರಗಳಿಗೆ ಕೊರತೆಯಿಲ್ಲ. ಎಂಜಿನಿಯರರಿಗೆ ತಮ್ಮ ಕೆಲಸವನ್ನು ತೋರಿಸುವ ಹೆಮ್ಮೆಯಿತ್ತು. ಆದರೆ ಆ ಸೇತುವೆಗೆ ಕಲ್ಲು ಹೊತ್ತವರು ಸಂಜೆ ಅಡುಗೆ ಮಾಡಿಕೊಂಡ ಬಿಡಾರದ ಚಿತ್ರ ಬೇಕೆಂದರೆ ಕಷ್ಟ.

ಅಳ್ನಾವರದಿಂದ ದಾಂಡೇಲಿಗೆ ಕವಲು ಹಳಿ ಬಂದದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ, ಸಾಗುವಾನಿ ಸಾಗಿಸುವುದಕ್ಕೆ. ದಾಂಡೇಲಿಯ ಮರದ ಡಿಪೋ ದೊಡ್ಡ ಹೆಸರು ಮಾಡಿತ್ತು. ಅರಣ್ಯ ಇಲಾಖೆಯ ಚಿತ್ರಗಳಲ್ಲಿ ದಿಮ್ಮಿಗೆ ಅಳತೆಗೋಲಾಗಿ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿಯಿತ್ತು. ಮರದ ಸುತ್ತಳತೆ, ಜಾತಿ, ಕಡಿದ ವಿಭಾಗ ಇವು ಅಡಿಬರಹದಲ್ಲಿರುತ್ತವೆ, ಮನುಷ್ಯನ ಹೆಸರಿರುವುದಿಲ್ಲ. ಆತ ಸಿದ್ದಿಯೋ, ಕುಣಬಿಯೋ, ಗೌಳಿಯೋ, ಬಯಲುಸೀಮೆಯಿಂದ ಕೂಲಿಗೆ ಬಂದವನೋ ನಾವು ಊಹಿಸಬೇಕು. ಆತ ಸಂಜೆ ಹಿಂದಿರುಗಿದ ಕೇರಿಯಂತೂ ಚಿತ್ರದ ಚೌಕಟ್ಟಿನ ಆಚೆಗೇ ಉಳಿಯಿತು.

ಸ್ವಾತಂತ್ರ್ಯದ ನಂತರ ದಾಂಡೇಲಿಯ ಚಹರೆಯೇ ಬದಲಾಯಿತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಕಾಗದ ತಯಾರಿಸತೊಡಗಿತು. ಪ್ಲೈವುಡ್ ಕಾರ್ಖಾನೆ, ಫೆರೋ ಮ್ಯಾಂಗನೀಸ್ ಕಾರ್ಖಾನೆಗಳೂ ಇದ್ದವು. ಆಂಧ್ರ, ಕೇರಳ, ತಮಿಳುನಾಡು, ರಾಜಸ್ಥಾನ, ಉತ್ತರ ಭಾರತಗಳಿಂದ ಜನ ಬಂದರು. ಕಾರ್ಖಾನೆಯ ಜತೆಗೆ ಕ್ವಾರ್ಟರ್ಸ್‌ಗಳು, ಕ್ವಾರ್ಟರ್ಸ್‌ಗಳ ಜತೆಗೆ ಶಾಲೆ, ಗುಡಿ, ಮಸೀದಿ, ಇಗರ್ಜಿಗಳು ಎದ್ದವು. ಈ ಕಾಲದ ಅಧಿಕೃತ ಚಿತ್ರಗಳೆಂದರೆ ಚಿಮಣಿ, ಯಂತ್ರ, ಉದ್ಘಾಟನೆಯ ನಾಡೆ ಕತ್ತರಿಸುವ ಗಣ್ಯರು. ಕಾಗದವನ್ನೇ ತಯಾರಿಸುವ ಊರು ತನ್ನ ಬಗ್ಗೆ ಇಷ್ಟು ಕಡಿಮೆ ಕಾಗದ ಉಳಿಸಿಕೊಂಡಿತಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಾಗಿದ್ದರೆ ಬೀದಿ ಎಲ್ಲಿಯೂ ಉಳಿದಿಲ್ಲವೇ? ಉಳಿದಿದೆ. ಅದು ಮನೆಗಳ ಟ್ರಂಕುಗಳಲ್ಲಿದೆ, ಮುಖಗಳ ಹಿಂದೆ ಇದೆ. ಇದಕ್ಕೊಂದು ಸರಳ ಕಾರಣವುಂಟು. ಹಿಂದಿನ ಫಿಲ್ಮುಗಳು ಮಂದಗತಿಯವು. ಚಿತ್ರ ಮೂಡಲು ಅವಕ್ಕೆ ಧಾರಾಳ ಬೆಳಕು ಬೇಕು. ಊರಿಗೆ ವಿದ್ಯುತ್ ಇರಲಿಲ್ಲ. ಇದ್ದರೂ ಒಂದೆರಡು ಬಲ್ಬುಗಳ ಬೆಳಕು ಸಾಲದು. ಆದ್ದರಿಂದ ಹಳಿಯಾಳಕ್ಕೋ ಸೂಪಾಕ್ಕೋ ಮದುವೆಗೆ ಬಂದ ಛಾಯಾಗ್ರಾಹಕ ಎಲ್ಲರನ್ನೂ ಮನೆಯ ಹೊರಗೆ ಕರೆದು, ಜಗುಲಿಯ ಮುಂದೆ, ಬೀದಿಯಲ್ಲಿ, ಬೆಂಚು ಹಾಕಿ ಕೂರಿಸುತ್ತಿದ್ದ. ಹಾಗೆ ಯಾರೂ ಬಯಸದೆಯೇ ಬೀದಿಯೂ ಚಿತ್ರದೊಳಗೆ ಬಂತು. 1980ರ ದಶಕದಲ್ಲಿ ಬಣ್ಣದ ಫಿಲ್ಮೂ ಎಲೆಕ್ಟ್ರಾನಿಕ್ ಫ್ಲ್ಯಾಶೂ ಸಣ್ಣ ಊರುಗಳಿಗೆ ಬಂದವು. ಛಾಯಾಗ್ರಾಹಕ ಮನೆಯೊಳಗೆ, ಸಭಾಭವನದೊಳಗೆ ಹೋದ. ಜನರ ಹಿಂದೆ ಪರದೆ ಬಂತು, ಪ್ಲಾಸ್ಟಿಕ್ ಹೂವಿನ ಗೋಡೆ ಬಂತು. ಮದುವೆಯ ಆಲ್ಬಮ್ಮುಗಳಿಂದ ಬೀದಿ ನಿರ್ಗಮಿಸಿತು. ಸೂಪಾ ಪೇಟೆ ನೀರಿಗೆ ಇಳಿದದ್ದೂ ಅದೇ ದಶಕದಲ್ಲಿ.

ಇಂಥ ಚಿತ್ರಗಳ ಹಿನ್ನೆಲೆಯನ್ನು ಓದುವುದು ಒಂದು ಅಭ್ಯಾಸ. ಮೊದಲು ಮಾಡು ನೋಡಬೇಕು. ಹುಲ್ಲು ಹೊದಿಸಿದ್ದೋ, ನಾಡಹೆಂಚೋ, ಮಂಗಳೂರು ಹೆಂಚೋ? ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಘಟ್ಟದ ಮೇಲಿನ ಪೇಟೆಗಳಿಗೆ ಆ ಬಗೆಯ ಹೆಂಚು ಹಬ್ಬಿದ್ದು ನಂತರದ ದಶಕಗಳಲ್ಲಿ, ಮೊದಲು ಉಳ್ಳವರ ಮನೆಗೆ. ಆಮೇಲೆ ಅಂಗಡಿಯ ಫಲಕ. ಹಳಿಯಾಳ, ಸೂಪಾ ಭಾಗದಲ್ಲಿ ಮುಂಬಯಿ ಆಡಳಿತದ ಕಾಲದಲ್ಲಿ ಮರಾಠಿಯ ಬಳಕೆ ಹೆಚ್ಚಿತ್ತು. ಫಲಕದ ಮೇಲೆ ಕನ್ನಡ ದೊಡ್ಡದಾಗಿ ಕಂಡರೆ 1956ರ ಈಚಿನದಿರಬಹುದೆಂದು ಊಹಿಸಬಹುದು, ಆದರೆ ಅದೊಂದನ್ನೇ ನೆಚ್ಚುವಂತಿಲ್ಲ. ಗಾಡಿಯ ನಂಬರು ಕಂಡರೆ ಅದೃಷ್ಟ. ಎಂವೈ ಎಂದು ಆರಂಭವಾದರೆ ಅದು ಮೈಸೂರು ರಾಜ್ಯದ ಕಾಲದ ನೋಂದಣಿ. ಕೆಎ ಎಂದಿದ್ದರೆ 1989ರ ಈಚಿನದು. ದಾರಿಬದಿಯ ಕಲ್ಲಿನಲ್ಲಿ ಮೈಲಿಯೋ ಕಿಲೋಮೀಟರೋ? ವಿದ್ಯುತ್ ಕಂಬ ಇದೆಯೋ? ಇವೆಲ್ಲ ಕೂಡಿದಾಗ ಹತ್ತು ವರ್ಷದ ಅಂತರದೊಳಗೆ ಚಿತ್ರದ ಕಾಲವನ್ನು ಹಿಡಿಯಬಹುದು. ಮಿಕ್ಕಿದ್ದನ್ನು ಮನೆಯ ಅಜ್ಜಿ ಹೇಳುತ್ತಾಳೆ. ಯಾವ ಮಗು ಯಾರ ಮಡಿಲಲ್ಲಿದೆ ಎಂಬುದರಿಂದ ಅವಳು ವರ್ಷವನ್ನು ನಿಖರವಾಗಿ ಎಣಿಸಬಲ್ಲಳು. ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕ ತೆಗೆದು ಆ ಮಗುವಿನ ಹುಟ್ಟಿದ ದಿನ ನೋಡಿದರೆ ಅಜ್ಜಿಯ ಲೆಕ್ಕ ಸರಿಯಿದ್ದುದು ತಿಳಿಯುತ್ತದೆ.

ಧರ್ಮಕೇಂದ್ರಗಳ ಮಾತು ಬಂದುದರಿಂದ ಇನ್ನೊಂದು ಸಂಗತಿ. ನಮ್ಮಲ್ಲಿ ವರ್ಷ ವರ್ಷವೂ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳನ್ನು ದೇವಾಲಯದ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಚಿತ್ರ ತೆಗೆಸುವ ವಾಡಿಕೆಯಿದೆ. ಜಾಗ ಅದೇ, ಕೋನವೂ ಹೆಚ್ಚು ಕಡಿಮೆ ಅದೇ. ಹಾಗೆ ಐವತ್ತು ವರ್ಷಗಳ ಚಿತ್ರಗಳನ್ನು ಸಾಲಾಗಿ ಇಟ್ಟರೆ ಏನಾಗುತ್ತದೆಂದು ಯೋಚಿಸಿ. ಮುಂದೆ ನಿಂತ ಮಕ್ಕಳು ಬದಲಾಗುತ್ತಾರೆ. ಹಿಂದೆ ಮಾಡು ಬದಲಾಗುತ್ತದೆ, ಗಂಟೆಗೋಪುರ ಏಳುತ್ತದೆ, ಮಾವಿನ ಮರ ಬೆಳೆದು ಒಂದು ವರ್ಷ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ, ಹಳೆಯ ಮಣ್ಣಿನ ಗೋಡೆಯ ಜಾಗದಲ್ಲಿ ಸಿಮೆಂಟು ಬರುತ್ತದೆ. ಪರಮಪ್ರಸಾದದ ಮೆರವಣಿಗೆಯ ಚಿತ್ರಗಳಂತೂ ಇನ್ನೂ ಒಳ್ಳೆಯವು, ಏಕೆಂದರೆ ಮೆರವಣಿಗೆ ಇಡೀ ಪೇಟೆಯನ್ನು ಸುತ್ತುತ್ತದೆ. ಶಾಲೆಗಳ ವಾರ್ಷಿಕ ಗುಂಪು ಚಿತ್ರಗಳಿಗೂ, ಜಾತ್ರೆಯ ರಥದ ಚಿತ್ರಗಳಿಗೂ, ಉರುಸಿನ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಸುವರ್ಣ ಮಹೋತ್ಸವ, ಶತಮಾನೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ ಇಂಥ ಕೆಲವು ಚಿತ್ರಗಳು ಅಚ್ಚಾಗುತ್ತವೆ. ಬೇಸರದ ಸಂಗತಿಯೆಂದರೆ ಸಂಚಿಕೆ ಅಚ್ಚಾದ ಮೇಲೆ ಮುದ್ರಣಾಲಯಕ್ಕೆ ಕೊಟ್ಟ ಮೂಲಚಿತ್ರಗಳನ್ನು ಕೇಳಿ ತರುವವರಿಲ್ಲ, ಮತ್ತು ಸಂಚಿಕೆಗಳು ಹತ್ತು ವರ್ಷದಲ್ಲಿ ರದ್ದಿಗೆ ಹೋಗುತ್ತವೆ.

ಒಂದೇ ಜಾಗದಿಂದ ಮತ್ತೆ ಚಿತ್ರ ತೆಗೆಯುವುದರ ಬೆಲೆ ಏನೆಂದು ಹಂಪೆ ತೋರಿಸಿಕೊಟ್ಟಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿನ ಪಾಳುಗುಡಿಗಳನ್ನು ಮೇಣದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಕಲ್ಲಿನ ಮೇಲೆ, ಅದೇ ದಿಕ್ಕಿಗೆ ಕ್ಯಾಮೆರಾ ನಿಲ್ಲಿಸಿ ಆ ಚಿತ್ರಗಳನ್ನು ಪುನಃ ತೆಗೆದರು. ಜೋಡಿಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಪುರ ಕುಸಿದಿದೆ, ಯಾವುದನ್ನು ದುರಸ್ತಿ ಮಾಡಲಾಗಿದೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಹಳಿಯಾಳದ ಕೋಟೆಯ ಬಳಿ, ಮುಂಡಗೋಡದ ಪೇಟೆಯಲ್ಲಿ, ದಾಂಡೇಲಿಯ ನಿಲ್ದಾಣದ ಎದುರು ನಮ್ಮ ಶಾಲಾ ಮಕ್ಕಳೂ ಇದನ್ನು ಮಾಡಬಹುದು. ಸೂಪಾದಲ್ಲಿ ಮಾತ್ರ ನಿಲ್ಲಲು ಜಾಗವಿಲ್ಲ.

ಮುಂಡಗೋಡದ ಪ್ರಸ್ತಾಪ ಬಂದಾಗ ಅಲ್ಲಿನ ಟಿಬೆಟನ್ನರನ್ನು ನೆನೆಯದೆ ಮುಂದೆ ಹೋಗಲಾಗದು. 1966ರಲ್ಲಿ ಅಲ್ಲಿ ಅವರ ನಿರಾಶ್ರಿತ ನೆಲೆ ಆರಂಭವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಬಂಗಾಳದ ಬಕ್ಸಾ ಶಿಬಿರದಿಂದ ಬಂದ ಭಿಕ್ಷುಗಳು ಡ್ರೆಪುಂಗ್ ಮತ್ತು ಗಂದೆನ್ ಮಠಗಳನ್ನು ಇಲ್ಲಿ ಪುನಃ ಸ್ಥಾಪಿಸಿದರು. ಮೂಲ ಗಂದೆನ್ 1409ರಲ್ಲಿ, ಡ್ರೆಪುಂಗ್ 1416ರಲ್ಲಿ ಲ್ಹಾಸಾದ ಬಳಿ ಸ್ಥಾಪನೆಯಾದವು. ಚೀನದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಗಂದೆನ್ ಬಹುಪಾಲು ನೆಲಸಮವಾಯಿತು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಟಿಬೆಟ್ಟಿಗೆ ಹೋಗಿದ್ದ ಬ್ರಿಟಿಷ್ ಅಧಿಕಾರಿಗಳು ತೆಗೆದ ಚಿತ್ರಗಳು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಸಂಗ್ರಹಾಲಯದಲ್ಲಿ ಉಳಿದಿವೆ. ಅಳಿದುಹೋದ ಲ್ಹಾಸಾದ ಬೀದಿಗಳನ್ನೂ ಮಠಗಳನ್ನೂ ಇಂದು ನೋಡಬೇಕೆಂದರೆ ಅವೇ ಗತಿ. ಮುಂಡಗೋಡದಿಂದ ಜೋಯಿಡಾ ಬಹಳ ದೂರವೇನಲ್ಲ. ನೆಲೆ ಕಳೆದುಕೊಂಡು ಬಂದವರೂ, ನೆಲೆ ಮುಳುಗಿಸಿಕೊಂಡವರೂ ಒಂದೇ ಜಿಲ್ಲೆಯ ಎರಡು ಅಂಚುಗಳಲ್ಲಿ ಬಾಳುತ್ತಿದ್ದಾರೆ. ಒಬ್ಬರ ಬೀದಿಗೆ ಆಕ್ಸ್‌ಫರ್ಡಿನಲ್ಲಿ ಒಂದು ಕಪಾಟು ಸಿಕ್ಕಿದೆ.

ಮುಳುಗಡೆಗೆ ಸಂಬಂಧಿಸಿ ಸರಕಾರದ ಬಳಿ ದಾಖಲೆಯೇ ಇಲ್ಲವೆಂದಲ್ಲ. ಭೂಸ್ವಾಧೀನದಲ್ಲಿ ಪ್ರತಿ ಮನೆಯನ್ನೂ ಅಳೆದು, ಗೋಡೆ ಕಲ್ಲಿನದೋ ಮಣ್ಣಿನದೋ, ಮಾಡು ಯಾವುದು, ಹಿತ್ತಿಲಲ್ಲಿ ಎಷ್ಟು ತೆಂಗು, ಎಷ್ಟು ಹಲಸು ಎಂದು ಬರೆದು ಪರಿಹಾರ ನಿಗದಿ ಮಾಡುವುದು ಪದ್ಧತಿ. ಆ ಕಡತಗಳೂ ಅಮೂಲ್ಯ. ನಕ್ಷೆಯ ಜತೆಗಿಟ್ಟು ನೋಡಿದರೆ ಒಂದು ಪೇಟೆಯನ್ನು ಕಾಗದದ ಮೇಲೆ ಮರಳಿ ಕಟ್ಟಬಹುದು. ಆದರೆ ಕಡತ ಅಳತೆಯನ್ನು ಹೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಯಾವ ಜಗುಲಿಯ ಮೇಲೆ ನೆರಳು ಬೀಳುತ್ತಿತ್ತು, ಅಲ್ಲಿ ಯಾರು ಬಂದು ಕೂರುತ್ತಿದ್ದರು ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ.

ಟ್ರಂಕಿನ ಚಿತ್ರಗಳಿಗೆ ಆಯುಸ್ಸು ಹೆಚ್ಚಿಲ್ಲ. ಕಪ್ಪು ಬಿಳುಪಿನ ಹಳೆಯ ಚಿತ್ರವೆಂದರೆ ಕಾಗದದ ಮೇಲೆ ಅಂಟಿನ ತೆಳುಪದರ, ಆ ಪದರದೊಳಗೆ ಬೆಳ್ಳಿಯ ಸೂಕ್ಷ್ಮ ಕಣಗಳು. ತೇವವೇ ಅದರ ಶತ್ರು, ಮತ್ತು ಜೋಯಿಡಾದಂಥ ಭಾರೀ ಮಳೆಯ ನಾಡಿನಲ್ಲಿ ನಾಲ್ಕು ತಿಂಗಳು ತೇವವೇ ಗಾಳಿ. ಅಂಟಿನ ಪದರಕ್ಕೆ ಬೂಷ್ಟು ಹಿಡಿಯುತ್ತದೆ, ಕಾಗದಕ್ಕೆ ಗೆದ್ದಲು. ಗಾಜಿನ ಚೌಕಟ್ಟಿಗೆ ನೇರವಾಗಿ ಒತ್ತಿ ಕೂರಿಸಿದ ಚಿತ್ರ ಗಾಜಿಗೇ ಅಂಟಿಕೊಳ್ಳುತ್ತದೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಅಂಟುಹಾಳೆಯ ಆಲ್ಬಮ್ಮುಗಳು ಚಿತ್ರದ ಬೆನ್ನನ್ನು ತಿಂದುಹಾಕುತ್ತವೆ. ರಕ್ಷಣೆಯೆಂದು ಲ್ಯಾಮಿನೇಷನ್ ಮಾಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ಮತ್ತೆ ಬಿಡಿಸಲಾಗದು. ಮೂಲಚಿತ್ರವನ್ನು ಕತ್ತರಿಸದೆ, ಅಂಚನ್ನೂ ಬೆನ್ನನ್ನೂ ಸೇರಿಸಿ ಸ್ಕ್ಯಾನ್ ಮಾಡಿಸಿ, ಒಣ ಕಾಗದದ ಲಕೋಟ ಒಂದರಲ್ಲಿ ಒಂದೊಂದನ್ನೇ ಇಟ್ಟರೆ ಸಾಕು. ಬೆನ್ನಿನ ಮೇಲೆ ಹೆಸರುಗಳನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಬೇಕು. ಪೆನ್ನಿನ ಶಾಯಿ ಮುಂದಕ್ಕೆ ಹಾಯುತ್ತದೆ. ಹೆಸರು ಬರೆಯುವಾಗ ಮನುಷ್ಯರದಷ್ಟೇ ಅಲ್ಲ, ಹಿಂದಿರುವ ಮನೆಯದೂ ಬೀದಿಯದೂ ಬರೆಯಬೇಕು. ಇದನ್ನು ಯಾರೂ ಮಾಡುವುದಿಲ್ಲ, ಏಕೆಂದರೆ ಬರೆಯುವ ಹೊತ್ತಿಗೆ ಆ ಬೀದಿ ಎಲ್ಲರಿಗೂ ಗೊತ್ತಿರುತ್ತದೆ.

ರಾಮನಗರದ ಆ ಮನೆಗೆ ಹಿಂದಿರುಗುತ್ತೇನೆ. ಮದುವೆಯೆಂದರೆ ಎರಡು ಕಡೆಯವರು. ಚಿತ್ರವನ್ನೂ ಎರಡು ಪ್ರತಿ ಮಾಡಿಸಿರಬೇಕಲ್ಲವೇ ಎಂದು ಕೇಳಿದಾಗ ಯಜಮಾನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮದುಮಗಳ ತವರು ಹಳಿಯಾಳದ ಕಡೆಯದು. ಕೆಲವು ತಿಂಗಳ ನಂತರ ಸಂಬಂಧಿಕರೊಬ್ಬರ ಮನೆಯ ಅಟ್ಟದಲ್ಲಿ, ಹಿತ್ತಾಳೆಯ ಪಾತ್ರೆಯೊಂದರೊಳಗೆ, ಹಳೆಯ ಲಗ್ನಪತ್ರಿಕೆಗಳ ನಡುವೆ ಅದು ದೊರೆಯಿತು. ಕೆಳಗಿನ ಒಂದು ಮೂಲೆಯನ್ನು ಹುಳು ತಿಂದಿದೆ. ಉಳಿದುದು ಚೆನ್ನಾಗಿದೆ.

ನೀಲಿ ಬಯಲಿನಲ್ಲಿ ಒಂಟಿಯಾಗಿ ತೂಗುತ್ತಿದ್ದ ಹಿರಿಯರು ಅಲ್ಲಿ ಎರಡನೆಯ ಸಾಲಿನಲ್ಲಿ, ಎಡದಿಂದ ನಾಲ್ಕನೆಯವರು. ಅವರ ಹೆಗಲ ಮೇಲೆ ಯಾರದೋ ಕೈಯಿದೆ. ಭಾವಚಿತ್ರ ಮಾಡುವಾಗ ಆ ಕೈಯನ್ನೂ ಅಳಿಸಿದ್ದರು. ಹಿಂದೆ ಮಂಗಳೂರು ಹೆಂಚಿನ ಎರಡು ಮನೆಗಳು, ಅವುಗಳ ನಡುವೆ ನದಿಯ ಕಡೆಗೆ ಇಳಿಯುವ ಓಣಿ. ಬಲಗಡೆ ಒಂದು ಅಂಗಡಿ. ಅದರ ಹಲಗೆ ಬಾಗಿಲಿನ ಮೂರು ಹಲಗೆಗಳನ್ನಷ್ಟೇ ತೆಗೆದಿದ್ದಾರೆ, ಅಂಗಡಿಯವನೂ ಮದುವೆಗೆ ಬಂದಿದ್ದಿರಬೇಕು. ಜಗುಲಿಯ ಅಂಚಿನಲ್ಲಿ ಚಿತ್ರಕ್ಕೆ ಕರೆಯದಿದ್ದ ಒಬ್ಬ ಹುಡುಗ, ಅಲುಗಾಡಿದ್ದರಿಂದ ಮಸುಕಾಗಿ, ಒಂದು ಕಾಲನ್ನು ಕೆಳಗೆ ಇಳಿಬಿಟ್ಟು ಕುಳಿತಿದ್ದಾನೆ. ಯಜಮಾನಿ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಮನುಷ್ಯರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ. ಆಮೇಲೆ ಓಣಿಯ ಮೇಲೆ ಬೆರಳಿಟ್ಟು, ನೀರಿಗೆ ಹೋಗುತ್ತಿದ್ದುದು ಇದೇ ದಾರಿ, ಎರಡು ಕೊಡ ಹೊತ್ತು ಬರುವಾಗ ಈ ಮೂಲೆಯಲ್ಲಿ ಒಂದು ಕಲ್ಲಿತ್ತು, ಅದರ ಮೇಲೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದೆವು ಎಂದರು. ಕಲ್ಲು ಚಿತ್ರದಲ್ಲಿ ಇತ್ತು. ಹುಡುಗ ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಅವನ ಜಾಗವನ್ನು ಖಾಲಿ ಬಿಟ್ಟಿದ್ದೇವೆ.